ಆರ್ಮೇನಿಯದ ಕಿರೀಟ: ರೋಮ್ ಮತ್ತು ಪಾರ್ಥಿಯಗಳ ನಡುವಣ ಒಂದು ಗಡಿರಾಜ್ಯ

೧

ಪಶ್ಚಿಮ ಏಷ್ಯದ ಪ್ರಾಚೀನ ಇತಿಹಾಸವನ್ನು ಅಭ್ಯಸಿಸುವವರಿಗೆ ಮತ್ತೆ ಮತ್ತೆ ಎದುರಾಗುವ ಸಮಸ್ಯೆಗಳಲ್ಲಿ ಆರ್ಮೇನಿಯದ ಸಿಂಹಾಸನದ ಪ್ರಶ್ನೆಯು ಮುಖ್ಯವಾದುದು. ಕ್ರಿ. ಪೂ. ೬೬ರಲ್ಲಿ ರೋಮಿನ ಸೇನಾನಿ ಪಾಂಪೆಯು ಆರ್ಮೇನಿಯದ ಅರಸನ ಶರಣಾಗತಿಯನ್ನು ಸ್ವೀಕರಿಸಿದಂದಿನಿಂದ ಕ್ರಿ. ಶ. ೨೨೪ರಲ್ಲಿ ಪಾರ್ಥಿಯ ಸಾಮ್ರಾಜ್ಯವು ಅಳಿಯುವವರೆಗೆ, ಎಂದರೆ ಮೂರು ಶತಮಾನಗಳಿಗೆ ತುಸು ಕಡಿಮೆಯಾದ ಅವಧಿಯಲ್ಲಿ, ಈ ಎರಡು ಮಹಾಶಕ್ತಿಗಳು ಆ ಪರ್ವತರಾಜ್ಯದಲ್ಲಿ ತಮ್ಮ ತಮ್ಮ ಕಡೆಯವರಿಗೆ ಪಟ್ಟಕಟ್ಟಲು ಸತತವಾಗಿ ಹೆಣಗಿದುವು. ಈ ಹೆಣಗಾಟದಲ್ಲಿ ಸೈನ್ಯಗಳು ನಾಶವಾದುವು, ನಗರಗಳು ಸುಟ್ಟುಹೋದುವು, ಅರಸುಮಕ್ಕಳು ಒತ್ತೆಯಾಳುಗಳಾಗಿ ಪರದೇಶಗಳಲ್ಲಿ ಬೆಳೆದರು. ಇಷ್ಟಾದರೂ ಈ ಅವಧಿಯಲ್ಲಿ ಆರ್ಮೇನಿಯವು ರೋಮಿನ ಪ್ರಾಂತ್ಯವಾಗಿ ಇದ್ದುದು ಕೇವಲ ಮೂರು ವರ್ಷ, ಕ್ರಿ. ಶ. ೧೧೪ರಿಂದ ೧೧೭ರವರೆಗೆ.

ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ ಆರ್ಮೇನಿಯವನ್ನು ಇಬ್ಬರು ಬಲಾಢ್ಯರ ನಡುವೆ ನಿಂತ ತಡೆಗೋಡೆಯೆಂದು ವರ್ಣಿಸಿ ಮುಂದುವರಿಯುತ್ತವೆ. ಗೋಡೆಗೆ ಸ್ವಂತ ಇಚ್ಛೆಯಿರುವುದಿಲ್ಲ. ಆದರೆ ಆರ್ಮೇನಿಯದ ಸಾಮಂತಪ್ರಭುಗಳಿಗೆ ಇಚ್ಛೆಯಿತ್ತು. ಅದನ್ನು ಕಡೆಗಣಿಸಿದ ಪ್ರತಿಯೊಂದು ಏರ್ಪಾಡೂ ಮುರಿದುಬಿದ್ದಿತೆಂಬುದನ್ನು ಆಧಾರಗಳು ತೋರಿಸುತ್ತವೆ. ಕ್ರಿ. ಶ. ೬೩ರ ರಾಂಡಿಯ ಒಪ್ಪಂದವನ್ನು ಕೇಂದ್ರವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪಾರ್ಥಿಯನರು ನಮ್ಮ ದೇಶಕ್ಕೆ ಪೂರ್ಣವಾಗಿ ಅಪರಿಚಿತರಲ್ಲ. ನಮ್ಮ ಪುರಾಣಗಳಲ್ಲಿ ಬರುವ ಪಹ್ಲವರು ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಶಾತವಾಹನ ಗೌತಮೀಪುತ್ರ ಶಾತಕರ್ಣಿಯು ಶಕ, ಯವನ, ಪಹ್ಲವರನ್ನು ನಿರ್ಮೂಲಮಾಡಿದನೆಂದು ನಾಸಿಕದ ಶಾಸನವು ಹೊಗಳುತ್ತದೆ. ಆದರೆ ಪಾರ್ಥಿಯದ ಮುಖ್ಯ ಬಲವೂ ಮುಖ್ಯ ಚಿಂತೆಯೂ ಇದ್ದುದು ಪಶ್ಚಿಮದ ಗಡಿಯಲ್ಲಿ, ಯೂಫ್ರಟೀಸ್ ನದಿಯ ದಡದಲ್ಲಿ.

೨

ಆರ್ಮೇನಿಯಕ್ಕೆ ಇಷ್ಟು ಬೆಲೆ ಬಂದುದೇಕೆ? ಇದಕ್ಕೆ ಉತ್ತರ ಮೊದಲು ಭೂಗೋಳದಲ್ಲಿದೆ. ಯೂಫ್ರಟೀಸ್, ಟೈಗ್ರಿಸ್ ಮತ್ತು ಅರಾಕ್ಸಿಸ್ ನದಿಗಳು ಹುಟ್ಟುವ ಈ ಎತ್ತರದ ಪ್ರಸ್ಥಭೂಮಿಯಿಂದ ಮಾರ್ಗಗಳು ನಾಲ್ಕು ಕಡೆಗೂ ಇಳಿಯುತ್ತವೆ. ಪಶ್ಚಿಮಕ್ಕೆ ಇಳಿದರೆ ಕಪಡೋಸಿಯ ಮತ್ತು ಏಷ್ಯಾಮೈನರಿನ ಸಂಪದ್ಭರಿತ ಪ್ರಾಂತ್ಯಗಳು. ಪೂರ್ವಕ್ಕೆ ಅರಾಕ್ಸಿಸ್ ಕಣಿವೆಯನ್ನು ಹಿಡಿದು ಹೋದರೆ ಪಾರ್ಥಿಯನರ ಅಧೀನದಲ್ಲಿದ್ದ ಮೀಡಿಯ. ದಕ್ಷಿಣಕ್ಕೆ ಮೆಸೊಪೊಟೇಮಿಯದ ಬಯಲು. ಆರ್ಮೇನಿಯದಲ್ಲಿ ಶತ್ರು ನೆಲೆಯೂರಿದರೆ ತನ್ನ ಪಾರ್ಶ್ವವು ಬಯಲಾಗುವುದೆಂಬ ಭಯ ಇಬ್ಬರಿಗೂ ಸಮಾನವಾಗಿತ್ತು. ಇದಲ್ಲದೆ ಬಿಲ್ಲುಗಾರ ಅಶ್ವಾರೋಹಿಗಳನ್ನೂ ಕವಚಧಾರಿ ಕುದುರೆಸವಾರರನ್ನೂ ನಂಬಿದ್ದ ಪಾರ್ಥಿಯನರಿಗೆ ಬಯಲುನೆಲ ಅನುಕೂಲವಾದುದು. ಕಾಲಾಳುಗಳ ಲೀಜನ್ ದಳಗಳನ್ನು ನಂಬಿದ್ದ ರೋಮನರಿಗೆ ಬೆಟ್ಟಗುಡ್ಡಗಳ ಮಾರ್ಗವೇ ಕ್ಷೇಮಕರ. ಪಾರ್ಥಿಯದ ಮೇಲೆ ದಂಡೆತ್ತಬೇಕೆನ್ನುವ ರೋಮನ್ ಸೇನಾನಿಗೆ ಆರ್ಮೇನಿಯವು ಹೀಗೆ ಸಹಜವಾದ ಹೆಬ್ಬಾಗಿಲಾಗಿತ್ತು.

ಎರಡನೆಯ ಕಾರಣ ಆ ನಾಡಿನ ಸಮಾಜರಚನೆ. ಆರ್ಮೇನಿಯದ ಅರಸನು ಏಕಚ್ಛತ್ರಾಧಿಪತಿಯಾಗಿರಲಿಲ್ಲ. ಒಂದೊಂದು ಕಣಿವೆಯಲ್ಲಿಯೂ ವಂಶಪಾರಂಪರ್ಯವಾಗಿ ಬಂದ ಪ್ರಭುಮನೆತನಗಳಿದ್ದು, ಅವುಗಳ ಕುದುರೆ ಸೈನ್ಯವೇ ಅರಸನ ಬಲವಾಗಿತ್ತು. ಈ ಪ್ರಭುಗಳ ಉಡುಗೆತೊಡುಗೆ, ಬೇಟೆ, ಔತಣ, ದೇವತಾರಾಧನೆ ಇವೆಲ್ಲ ಇರಾನಿ ಸಂಪ್ರದಾಯಕ್ಕೆ ಹತ್ತಿರವಾಗಿದ್ದುವು. ಅದೇ ಕಾಲದಲ್ಲಿ ಅರಮನೆಯಲ್ಲಿ ಗ್ರೀಕ್ ವಿದ್ಯೆಗೂ ಗೌರವವಿತ್ತು. ಎರಡನೆಯ ಅರ್ತವಾಸ್ದಿಸನು ಗ್ರೀಕ್ ಭಾಷೆಯಲ್ಲಿ ದುರಂತನಾಟಕಗಳನ್ನೂ ಚರಿತ್ರೆಗಳನ್ನೂ ಬರೆದನೆಂದು ಪ್ಲುಟಾರ್ಕ್ ಹೇಳುತ್ತಾನೆ. ಇಂತಹ ನಾಡಿಗೆ ಹೊರಗಿನಿಂದ ಅರಸನನ್ನು ಕಳುಹಿಸುವುದು ಸುಲಭ. ಅವನನ್ನು ಅಲ್ಲಿ ಉಳಿಸುವುದು ಕಷ್ಟ.

೩

ರೋಮ್ ಮತ್ತು ಪಾರ್ಥಿಯಗಳ ಮೊದಲ ಭೇಟಿಯಲ್ಲಿಯೇ ಮುಂದಿನ ವೈಷಮ್ಯದ ಬೀಜವನ್ನು ಕಾಣಬಹುದು. ಕ್ರಿ. ಪೂ. ೯೦ರ ದಶಕದಲ್ಲಿ ಸುಲ್ಲನು ಯೂಫ್ರಟೀಸ್ ತೀರದಲ್ಲಿ ಪಾರ್ಥಿಯದ ರಾಯಭಾರಿ ಒರೊಬಾಜಸನನ್ನು ಕಂಡನು. ಅಲ್ಲಿ ಮೂರು ಆಸನಗಳನ್ನು ಹಾಕಿಸಿ, ಒಂದು ಪಕ್ಕದಲ್ಲಿ ಕಪಡೋಸಿಯದ ಅರಸನನ್ನೂ ಇನ್ನೊಂದು ಪಕ್ಕದಲ್ಲಿ ರಾಯಭಾರಿಯನ್ನೂ ಕುಳ್ಳಿರಿಸಿ, ಸುಲ್ಲನು ತಾನು ನಡುವೆ ಕುಳಿತನು. ಈ ಅಪಮಾನವನ್ನು ಸಹಿಸಿಕೊಂಡುದಕ್ಕಾಗಿ ಪಾರ್ಥಿಯದ ಅರಸನು ತನ್ನ ರಾಯಭಾರಿಗೆ ಮರಣದಂಡನೆ ವಿಧಿಸಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಯಾರು ಎಲ್ಲಿ ಕುಳಿತರೆಂಬುದು ಈ ಇತಿಹಾಸದ ಉದ್ದಕ್ಕೂ ಕ್ಷುಲ್ಲಕ ವಿಷಯವಾಗಲಿಲ್ಲ.

ಆಗ ಆರ್ಮೇನಿಯವು ತನ್ನ ಬಲದ ಶಿಖರಕ್ಕೆ ಏರುತ್ತಿತ್ತು. ಪಾರ್ಥಿಯದಲ್ಲಿ ಒತ್ತೆಯಾಳಾಗಿದ್ದು, ಎಪ್ಪತ್ತು ಕಣಿವೆಗಳನ್ನು ಬಿಟ್ಟುಕೊಟ್ಟು ಸಿಂಹಾಸನವನ್ನು ಪಡೆದ ಎರಡನೆಯ ತಿಗ್ರನಿಸನು ಅನಂತರ ಸಿರಿಯದವರೆಗೆ ತನ್ನ ರಾಜ್ಯವನ್ನು ವಿಸ್ತರಿಸಿದನು. ಆದರೆ ಕ್ರಿ. ಪೂ. ೬೯ರಲ್ಲಿ ಲುಕುಲ್ಲಸನು ಅವನ ಹೊಸ ರಾಜಧಾನಿ ತಿಗ್ರನೊಸರ್ತವನ್ನು ಗೆದ್ದನು. ೬೬ರಲ್ಲಿ ವೃದ್ಧನಾದ ತಿಗ್ರನಿಸನು ಪಾಂಪೆಯ ಪಾಳೆಯಕ್ಕೆ ಬಂದು ತನ್ನ ಕಿರೀಟವನ್ನು ತೆಗೆದು ಅವನ ಮುಂದಿಟ್ಟನು. ಪಾಂಪೆಯು ಅದನ್ನು ಮತ್ತೆ ಅವನ ತಲೆಯ ಮೇಲಿರಿಸಿ, ಆರು ಸಾವಿರ ಟ್ಯಾಲೆಂಟುಗಳ ದಂಡವನ್ನು ವಿಧಿಸಿದನು. ಕಿರೀಟವನ್ನು ಇಳಿಸಿ ಮರಳಿ ಪಡೆಯುವ ಈ ವಿಧಿಯು ಮುಂದೆ ಒಂದು ಪೂರ್ವನಿದರ್ಶನವಾಗಿ ನಿಂತಿತು.

ಕ್ರಿ. ಪೂ. ೫೩ರಲ್ಲಿ ಕ್ರಾಸಸನು ಪಾರ್ಥಿಯದ ಮೇಲೆ ಹೊರಟಾಗ ಅರ್ತವಾಸ್ದಿಸನು ತನ್ನ ನಾಡಿನ ಬೆಟ್ಟದ ಮಾರ್ಗವನ್ನು ಹಿಡಿಯುವಂತೆ ಸಲಹೆಯಿತ್ತು, ಸೈನ್ಯಸಹಾಯವನ್ನೂ ಮುಂದೊಡ್ಡಿದನು. ಕ್ರಾಸಸನು ಅದನ್ನು ತಿರಸ್ಕರಿಸಿ ಬಯಲಿಗಿಳಿದನು. ಕರ್ಹೆಯ ಯುದ್ಧದಲ್ಲಿ ಇಪ್ಪತ್ತು ಸಾವಿರ ರೋಮನರು ಸತ್ತು ಹತ್ತು ಸಾವಿರ ಮಂದಿ ಸೆರೆಸಿಕ್ಕರೆಂದು ಪ್ಲುಟಾರ್ಕನ ಲೆಕ್ಕ. ಅಷ್ಟರಲ್ಲಿ ಪಾರ್ಥಿಯದ ಅರಸ ಒರೋದಿಸನು ತಾನೇ ಆರ್ಮೇನಿಯದೊಳಕ್ಕೆ ಬಂದಿದ್ದನು. ಅರ್ತವಾಸ್ದಿಸನು ತನ್ನ ತಂಗಿಯನ್ನು ಅವನ ಮಗನಿಗೆ ಕೊಟ್ಟು ಸಂಧಿಮಾಡಿಕೊಂಡನು. ಹದಿನೇಳು ವರ್ಷಗಳ ಅನಂತರ, ೩೬ರಲ್ಲಿ, ಆಂಟನಿಯು ಆರ್ಮೇನಿಯದ ಮಾರ್ಗವನ್ನೇ ಹಿಡಿದು ಮೀಡಿಯಕ್ಕೆ ನುಗ್ಗಿದನು. ಅವನ ಮುತ್ತಿಗೆಯ ಯಂತ್ರಗಳು ಹಿಂದೆಯೇ ಉಳಿದು ಶತ್ರುವಿನ ಪಾಲಾದುವು. ಅರ್ತವಾಸ್ದಿಸನು ತನ್ನ ಪಡೆಯೊಡನೆ ಮನೆಗೆ ಹಿಂದಿರುಗಿದನು. ಎರಡು ವರ್ಷಗಳ ಮೇಲೆ ಆಂಟನಿಯು ಅವನನ್ನು ಮೋಸದಿಂದ ಹಿಡಿದು ಅಲೆಕ್ಸಾಂಡ್ರಿಯಕ್ಕೆ ಸಾಗಿಸಿದನು. ಅಲ್ಲಿಯೇ ಅವನ ವಧೆಯಾಯಿತು.

ಅರ್ತವಾಸ್ದಿಸನನ್ನು ರೋಮನ್ ಗ್ರಂಥಕಾರರು ದ್ರೋಹಿಯೆಂದು ಕರೆದಿದ್ದಾರೆ. ಅವನ ಸ್ಥಾನದಲ್ಲಿ ನಿಂತು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಸೋತ ರೋಮನ್ ಸೇನಾನಿಗೆ ಹಿಂದಿರುಗಲು ಸಿರಿಯವಿತ್ತು. ಆರ್ಮೇನಿಯದ ಅರಸನು ತನ್ನ ನೆರೆಯವನ ಕೋಪವನ್ನು ತನ್ನ ನೆಲದಲ್ಲಿಯೇ ಎದುರಿಸಬೇಕಾಗಿತ್ತು. ಗೆಲ್ಲುವವನ ಕಡೆಗೆ ವಾಲುವುದು ಅವನಿಗೆ ಆತ್ಮರಕ್ಷಣೆಯ ಏಕೈಕ ಉಪಾಯವಾಗಿತ್ತು.

೪

ಆಗಸ್ಟಸನು ಯುದ್ಧಕ್ಕಿಂತ ಸಂಧಾನವನ್ನು ಆರಿಸಿಕೊಂಡನು. ಕ್ರಿ. ಪೂ. ೨೦ರಲ್ಲಿ ನಾಲ್ಕನೆಯ ಫ್ರಾತಿಸನು ಕರ್ಹೆಯಲ್ಲಿ ಕಿತ್ತುಕೊಂಡಿದ್ದ ಧ್ವಜಗಳನ್ನು ಹಿಂದಿರುಗಿಸಿದನು. ಅದೇ ವರ್ಷ ತಿಬೇರಿಯಸನು ಮೂರನೆಯ ತಿಗ್ರನಿಸನಿಗೆ ಆರ್ಮೇನಿಯದಲ್ಲಿ ಪಟ್ಟಕಟ್ಟಿದನು. ಆರ್ಮೇನಿಯವನ್ನು ಪ್ರಾಂತ್ಯವನ್ನಾಗಿ ಮಾಡಬಹುದಾಗಿದ್ದರೂ ಪೂರ್ವಿಕರ ಮಾದರಿಯಂತೆ ಅದನ್ನು ತಿಗ್ರನಿಸನಿಗೆ ಕೊಟ್ಟೆನೆಂದು ಆಗಸ್ಟಸನು ತನ್ನ ಸಾಧನೆಗಳನ್ನು ಸಾರುವ ಅಂಕಾರದ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆದರೆ ಅದೇ ಕಾಲದಲ್ಲಿ ಹೊರಟ ನಾಣ್ಯಗಳ ಮೇಲೆ ಆರ್ಮೇನಿಯವನ್ನು ವಶಪಡಿಸಿಕೊಂಡುದಾಗಿ ಬರೆಯಲಾಗಿದೆ. ಶಾಸನಕ್ಕೂ ನಾಣ್ಯಕ್ಕೂ ನಡುವಣ ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಡೆದದ್ದು ಒಡಂಬಡಿಕೆ, ರೋಮಿನ ಜನತೆಗೆ ಸಾರಿದ್ದು ದಿಗ್ವಿಜಯ.

ಆಗಸ್ಟಸನ ದತ್ತುಪುತ್ರ ಗೇಯಸನ ಕಥೆ ಈ ನೀತಿಯ ಬೆಲೆಯನ್ನು ತೋರಿಸುತ್ತದೆ. ಅವನು ಯೂಫ್ರಟೀಸಿನ ಒಂದು ನಡುಗಡ್ಡೆಯಲ್ಲಿ ಪಾರ್ಥಿಯದ ಅರಸನನ್ನು ಸಮಾನಸ್ಕಂಧನಾಗಿ ಭೇಟಿಮಾಡಿ ಸ್ನೇಹವನ್ನು ಸ್ಥಾಪಿಸಿದನು. ಆದರೆ ರೋಮ್ ನೇಮಿಸಿದ ಅರಸನನ್ನು ಆರ್ಮೇನಿಯದ ಒಂದು ಪಕ್ಷವು ಒಪ್ಪಲಿಲ್ಲ. ಅರ್ತಗೀರ ದುರ್ಗದ ಮುತ್ತಿಗೆಯಲ್ಲಿ ಗಾಯಗೊಂಡ ಗೇಯಸನು ಕ್ರಿ. ಶ. ೪ರಲ್ಲಿ ಲಿಸಿಯದ ಲಿಮಿರದಲ್ಲಿ ತೀರಿಕೊಂಡನು. ದಕ್ಷಿಣ ಭಾರತದ ನಿಧಿಗಳಲ್ಲಿ ಹೇರಳವಾಗಿ ದೊರೆತಿರುವ ಆಗಸ್ಟಸನ ಬೆಳ್ಳಿಯ ದಿನಾರಿಗಳಲ್ಲಿ, ಗುರಾಣಿ ಮತ್ತು ಈಟಿಗಳ ಇಕ್ಕೆಲಗಳಲ್ಲಿ ನಿಂತ ಇಬ್ಬರು ತರುಣರ ಚಿತ್ರವುಳ್ಳ ಬಗೆಯೊಂದಿದೆ. ಅವರಲ್ಲಿ ಒಬ್ಬನು ಈ ಗೇಯಸ್; ಇನ್ನೊಬ್ಬನು ಅವನ ತಮ್ಮ ಲೂಸಿಯಸ್. ಆರ್ಮೇನಿಯದ ಕೋಟೆಯೊಂದರ ಮುಂದೆ ಪೆಟ್ಟು ತಿಂದ ರಾಜಕುಮಾರನ ರೂಪವು ವ್ಯಾಪಾರದ ದಾರಿಯಲ್ಲಿ ನಮ್ಮ ನಾಡಿನವರೆಗೂ ಬಂದಿತೆಂಬುದು ಸ್ಮರಣೀಯ.

ಮುಂದಿನ ಅರ್ಧಶತಮಾನದಲ್ಲಿ ಅನೇಕ ಅರಸರು ಬಂದುಹೋದರು. ಅವರನ್ನು ಹೋಲಿಸಿದರೆ ಒಂದು ನಿಯಮವೇ ಗೋಚರಿಸುತ್ತದೆ. ರೋಮಿನಲ್ಲಿ ಬೆಳೆದ ವೊನೋನಿಸನನ್ನು ಪಾರ್ಥಿಯದ ಪ್ರಭುಗಳು ಪರಕೀಯನೆಂದು ಹೊರದೂಡಿದರು. ಅವನು ಆರ್ಮೇನಿಯದಲ್ಲಿಯೂ ನಿಲ್ಲಲಾರದೆ ಹೋದನು. ಆದರೆ ಕ್ರಿ. ಶ. ೧೮ರಲ್ಲಿ ಜರ್ಮನಿಕಸನು ಅರ್ತಾಕ್ಸತ ನಗರದಲ್ಲಿ ಕಿರೀಟವಿಟ್ಟ ಪೊಂಟಸಿನ ರಾಜಪುತ್ರ ಜೀನೊ ಸುಮಾರು ಹದಿನಾರು ವರ್ಷ ಶಾಂತಿಯಿಂದ ಆಳಿದನು. ಅವನು ಬಾಲ್ಯದಿಂದಲೂ ಆರ್ಮೇನಿಯನರ ಉಡುಪನ್ನೂ ಆಚಾರವನ್ನೂ ಬೇಟೆಯ ವಿನೋದವನ್ನೂ ರೂಢಿಸಿಕೊಂಡು ಪ್ರಭುಗಳಿಗೂ ಜನಸಾಮಾನ್ಯರಿಗೂ ಪ್ರಿಯನಾಗಿದ್ದನೆಂದು ಟ್ಯಾಸಿಟಸ್ ಕಾರಣವನ್ನೂ ಕೊಡುತ್ತಾನೆ. ಇಬ್ಬರ ಹಿಂದೆಯೂ ರೋಮಿನ ನೆರಳಿತ್ತು. ಒಬ್ಬನಿಗೆ ನಾಡಿನ ಸಮ್ಮತಿ ದೊರೆಯಿತು, ಇನ್ನೊಬ್ಬನಿಗೆ ದೊರೆಯಲಿಲ್ಲ.

೫

ಕ್ರಿ. ಶ. ೫೧ರಲ್ಲಿ ಪಾರ್ಥಿಯದ ಸಿಂಹಾಸನವನ್ನೇರಿದ ಮೊದಲನೆಯ ವೊಲೊಗೆಸಿಸನು ತನ್ನ ತಮ್ಮ ತಿರಿದಾತಿಸನಿಗೆ ಆರ್ಮೇನಿಯವನ್ನು ಕೊಡಲು ನಿಶ್ಚಯಿಸಿದನು. ಆಗ ಆ ನಾಡಿನ ಸ್ಥಿತಿ ಶೋಚನೀಯವಾಗಿತ್ತು. ಐಬೀರಿಯದ ರಾಜಪುತ್ರ ರದಮಿಸ್ತಸನು, ಕತ್ತಿಯನ್ನಾಗಲಿ ವಿಷವನ್ನಾಗಲಿ ಪ್ರಯೋಗಿಸುವುದಿಲ್ಲವೆಂದು ತನ್ನ ಚಿಕ್ಕಪ್ಪನಿಗೆ ಪ್ರಮಾಣಮಾಡಿ, ಅವನನ್ನು ಬಟ್ಟೆಗಳಿಂದ ಉಸಿರುಕಟ್ಟಿಸಿ ಕೊಲ್ಲಿಸಿ ರಾಜ್ಯವನ್ನು ಕಸಿದುಕೊಂಡಿದ್ದನು. ಗೋರ್ನಿಯ ಕೋಟೆಯಲ್ಲಿದ್ದ ರೋಮನ್ ದಳಪತಿಯು ಲಂಚ ತಿಂದು ಇದಕ್ಕೆ ಅನುವುಮಾಡಿಕೊಟ್ಟನೆಂದು ಟ್ಯಾಸಿಟಸನೇ ಒಪ್ಪಿಕೊಂಡಿದ್ದಾನೆ. ಇಂತಹ ರಕ್ಷಕರಿಗಿಂತ ತಮ್ಮ ಆಚಾರವ್ಯವಹಾರಗಳಿಗೆ ಹತ್ತಿರವಾದ ತಿರಿದಾತಿಸನೇ ಲೇಸೆಂದು ಪ್ರಭುಗಳು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ.

ನೀರೋ ಚಕ್ರವರ್ತಿಯ ಸರ್ಕಾರವು ಕಾರ್ಬುಲೊ ಎಂಬ ಕಠೋರ ಶಿಸ್ತಿನ ಸೇನಾನಿಯನ್ನು ಪೂರ್ವಕ್ಕೆ ಕಳುಹಿಸಿತು. ಸಿರಿಯದ ಸುಖದಲ್ಲಿ ಮೈಗಳ್ಳರಾಗಿದ್ದ ಸೈನಿಕರನ್ನು ಅವನು ಚಳಿಗಾಲವೆಲ್ಲ ಡೇರೆಗಳಲ್ಲಿಯೇ ಇರಿಸಿದನು. ಸೌದೆ ಹೊತ್ತು ತರುತ್ತಿದ್ದ ಒಬ್ಬ ಸೈನಿಕನ ಕೈಗಳು ಮರಗಟ್ಟಿ, ಹೊರೆಗೆ ಅಂಟಿಕೊಂಡು, ತೋಳುಗಳಿಂದ ಕಳಚಿಬಿದ್ದುವೆಂದು ಟ್ಯಾಸಿಟಸ್ ಹೇಳುತ್ತಾನೆ. ಕ್ರಿ. ಶ. ೫೮ರಲ್ಲಿ ಅರ್ತಾಕ್ಸತವು ಕಾರ್ಬುಲೊವಿಗೆ ಬಾಗಿಲು ತೆರೆಯಿತು. ಕಾವಲಿಡಲು ಸಾಕಷ್ಟು ಸೈನ್ಯವಿಲ್ಲವೆಂದು ಅವನು ಆ ನಗರವನ್ನು ಸುಟ್ಟು ನೆಲಸಮಮಾಡಿದನು. ಬಳಿಕ ತಿಗ್ರನೊಸರ್ತವೂ ಅಧೀನವಾಯಿತು. ಆದರೆ ಈ ವಿಜಯಕ್ಕೆ ಕಾರ್ಬುಲೊವಿನ ಶಿಸ್ತಿನಷ್ಟೇ ಮುಖ್ಯವಾದ ಇನ್ನೊಂದು ಕಾರಣವಿತ್ತು: ಆಗ ವೊಲೊಗೆಸಿಸನು ಕ್ಯಾಸ್ಪಿಯನ್ ಸಮುದ್ರದ ಕಡೆಯ ಹಿರ್ಕೇನಿಯದ ದಂಗೆಯಲ್ಲಿ ತೊಡಗಿದ್ದನು.

ಕ್ರಿ. ಶ. ೬೦ರಲ್ಲಿ ರೋಮ್ ಆರನೆಯ ತಿಗ್ರನಿಸನನ್ನು ಪಟ್ಟಕ್ಕೆ ತಂದಿತು. ಬಹುಕಾಲ ರೋಮಿನಲ್ಲಿ ಒತ್ತೆಯಾಳಾಗಿದ್ದು ದಾಸ್ಯಬುದ್ಧಿಯನ್ನು ರೂಢಿಸಿಕೊಂಡಿದ್ದವನೆಂದು ಟ್ಯಾಸಿಟಸ್ ಅವನನ್ನು ವರ್ಣಿಸುತ್ತಾನೆ. ಅವನು ನೆರೆಯ ಅಡಿಯಾಬೀನಿಯನ್ನು ಸೂರೆಮಾಡಲು ವೊಲೊಗೆಸಿಸನು ಸುಮ್ಮನಿರಲಾಗಲಿಲ್ಲ. ಕ್ರಿ. ಶ. ೬೨ರಲ್ಲಿ ಆರ್ಮೇನಿಯಕ್ಕೆಂದು ಪ್ರತ್ಯೇಕವಾಗಿ ಬಂದ ಸೇನಾನಿ ಪೀಟಸನು ಅರ್ಸೇನಿಯಸ್ ನದಿಯ ಬಳಿಯ ರಾಂಡಿಯದಲ್ಲಿ ಪಾರ್ಥಿಯನರ ಬಲೆಗೆ ಸಿಕ್ಕಿ, ಎರಡು ಲೀಜನ್‌ಗಳೊಡನೆ ಶರಣಾಗಿ, ದೇಶವನ್ನು ಬಿಟ್ಟು ಹಿಂದೆಗೆದನು. ಪೀಟಸನ ಹೇಡಿತನವನ್ನು ವಿವರಿಸುವ ಭಾಗಕ್ಕೆ ಟ್ಯಾಸಿಟಸನು ಬಳಸಿದ ಆಧಾರಗಳಲ್ಲಿ ಕಾರ್ಬುಲೊ ಸ್ವತಃ ಬರೆದ ಸ್ಮರಣೆಗಳೂ ಸೇರಿದ್ದುವು. ಪೀಟಸನ ಅಪಕೀರ್ತಿಯನ್ನು ಹೆಚ್ಚಿಸಲು ಅವನ್ನು ರಚಿಸಿರಬಹುದೆಂಬ ಸಂದೇಹವನ್ನು ಟ್ಯಾಸಿಟಸನೇ ಸೂಚಿಸಿದ್ದಾನೆ. ಒಬ್ಬ ಸೇನಾನಿಯ ಕೀರ್ತಿ ಅವನ ಪ್ರತಿಸ್ಪರ್ಧಿಯ ಅಪಕೀರ್ತಿಯ ಮೇಲೆ ನಿಂತಾಗ ಇತಿಹಾಸಕಾರನು ಎಚ್ಚರದಿಂದಿರಬೇಕು.

ಮರುವರ್ಷ ಸಂಧಿಯ ಮಾತುಕತೆಗೆ ತಿರಿದಾತಿಸನು ರಾಂಡಿಯವನ್ನೇ ಆರಿಸಿಕೊಂಡನು. ರೋಮನರು ಅಪಮಾನಗೊಂಡ ಸ್ಥಳವೆಂದು ಗೊತ್ತಿದ್ದೂ ಕಾರ್ಬುಲೊ ಒಪ್ಪಿದನು. ಇಬ್ಬರೂ ಇಪ್ಪತ್ತಿಪ್ಪತ್ತು ಸವಾರರೊಡನೆ ಬಂದರು, ತಿರಿದಾತಿಸನು ಮೊದಲು ಕುದುರೆಯಿಂದಿಳಿದನು, ಇಬ್ಬರೂ ಕೈಹಿಡಿದುಕೊಂಡರು. ಕೆಲವು ದಿನಗಳ ಮೇಲೆ ಒಂದು ಕಡೆ ಪಾರ್ಥಿಯದ ಅಶ್ವಸೈನ್ಯ, ಇನ್ನೊಂದು ಕಡೆ ಲೀಜನ್‌ಗಳು ಸಾಲುಗಟ್ಟಿ ನಿಂತಿರಲು, ನಡುವೆ ವೇದಿಕೆಯ ಮೇಲೆ ನೀರೋವಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ತಿರಿದಾತಿಸನು ತನ್ನ ಕಿರೀಟವನ್ನು ತೆಗೆದು ಆ ಪ್ರತಿಮೆಯ ಪಾದಗಳ ಬಳಿ ಇರಿಸಿದನು. ಅದನ್ನು ಅವನು ರೋಮಿಗೆ ಹೋಗಿ ಚಕ್ರವರ್ತಿಯ ಕೈಯಿಂದಲೇ ಮರಳಿ ಪಡೆಯಬೇಕೆಂದು ಒಪ್ಪಂದವಾಯಿತು.

೬

ಕ್ರಿ. ಶ. ೬೬ರಲ್ಲಿ ಈ ಒಪ್ಪಂದ ನೆರವೇರಿತು. ಮೂರು ಸಾವಿರ ಪಾರ್ಥಿಯನ್ ಸವಾರರ ಪರಿವಾರದೊಡನೆ ತಿರಿದಾತಿಸನು ಒಂಬತ್ತು ತಿಂಗಳು ಪ್ರಯಾಣಮಾಡಿ ಇಟಲಿಗೆ ಬಂದನು. ಅವನು ಮಗಿ ಪುರೋಹಿತರ ಆಚಾರವನ್ನು ಪಾಲಿಸುತ್ತಿದ್ದುದರಿಂದ, ನೀರನ್ನು ಅಪವಿತ್ರಗೊಳಿಸಬಾರದೆಂದು ಸಮುದ್ರಯಾನವನ್ನು ವರ್ಜಿಸಿದನೆಂದು ಪ್ಲಿನಿಯು ಹೇಳುತ್ತಾನೆ. ಈ ಅತಿಥಿಗಾಗಿ ರೋಮಿನ ಬೊಕ್ಕಸದಿಂದ ದಿನಕ್ಕೆ ಎಂಟು ಲಕ್ಷ ಸೆಸ್ಟರ್ಸ್ ನಾಣ್ಯಗಳು ವೆಚ್ಚವಾದುವು. ರೋಮಿನ ಸಭಾಚೌಕದಲ್ಲಿ ನೀರೋ ಅವನ ತಲೆಯ ಮೇಲೆ ಕಿರೀಟವಿಟ್ಟನು. ಯುದ್ಧಕಾಲದಲ್ಲಿ ತೆರೆದಿರುತ್ತಿದ್ದ ಜೇನಸ್ ದೇವಾಲಯದ ಬಾಗಿಲುಗಳನ್ನು ಮುಚ್ಚಿಸಿದನು. ಹಿಂದಿರುಗಿದ ತಿರಿದಾತಿಸನು ಹಾಳಾದ ಅರ್ತಾಕ್ಸತವನ್ನು ಮತ್ತೆ ಕಟ್ಟಿಸಿದನು. ಶಾಂತಿಯನ್ನು ಸಾಧಿಸಿಕೊಟ್ಟ ಕಾರ್ಬುಲೊವಿಗೆ ಮರುವರ್ಷ ನೀರೋವಿನಿಂದ ಬಂದುದು ಆತ್ಮಹತ್ಯೆಯ ಆಜ್ಞೆ.

ಗೆದ್ದವರು ಯಾರು? ವೊಲೊಗೆಸಿಸನು ಕಾರ್ಬುಲೊವಿಗೆ ಕೆಲವು ಬೇಡಿಕೆಗಳನ್ನು ಕಳುಹಿಸಿದ್ದನು: ತನ್ನ ತಮ್ಮನು ದಾಸ್ಯದ ಯಾವ ಚಿಹ್ನೆಯನ್ನೂ ಧರಿಸಬಾರದು, ಕತ್ತಿಯನ್ನು ಒಪ್ಪಿಸಬಾರದು, ಪ್ರಾಂತ್ಯಾಧಿಕಾರಿಗಳ ಬಾಗಿಲಲ್ಲಿ ಕಾಯಬಾರದು, ಕಾನ್ಸಲರಿಗೆ ಸಲ್ಲುವ ಮರ್ಯಾದೆಯೇ ಅವನಿಗೂ ಸಲ್ಲಬೇಕು. ಇದನ್ನು ವರದಿಮಾಡುತ್ತ ಟ್ಯಾಸಿಟಸನು, ಪರದೇಶೀಯರ ಡಂಭಕ್ಕೆ ಒಗ್ಗಿದ ಈ ಅರಸನಿಗೆ ರೋಮನರ ಸ್ವಭಾವ ತಿಳಿಯದು, ರೋಮನರು ಬೆಲೆಕೊಡುವುದು ಅಧಿಕಾರದ ಸತ್ತ್ವಕ್ಕೆ, ಟೊಳ್ಳು ಆಡಂಬರವನ್ನು ಅವರು ಲಕ್ಷಿಸುವುದಿಲ್ಲ, ಎಂಬರ್ಥದ ಟೀಕೆಯನ್ನು ಸೇರಿಸುತ್ತಾನೆ. ಆದರೆ ಒಪ್ಪಂದದ ಫಲವನ್ನು ತೂಗಿ ನೋಡಿದರೆ ಈ ಟೀಕೆ ತಲೆಕೆಳಗಾಗುತ್ತದೆ. ವೇದಿಕೆ, ಪ್ರತಿಮೆ, ಮೆರವಣಿಗೆ, ಕಿರೀಟಧಾರಣೆಯ ಉತ್ಸವ ಇವು ರೋಮಿನ ಪಾಲಿಗೆ ಬಂದುವು. ಸಿಂಹಾಸನವು ಪಾರ್ಥಿಯದ ಅರ್ಸಾಕಿಸ್ ವಂಶಕ್ಕೆ ದಕ್ಕಿತು.

ಹಾಗೆಂದು ಇದನ್ನು ರೋಮಿನ ಸೋಲೆನ್ನುವುದೂ ಯುಕ್ತವಲ್ಲ. ೬೮–೬೯ರ ಅಂತರ್ಯುದ್ಧದಲ್ಲಿ ರೋಮ್ ತನ್ನಲ್ಲಿಯೇ ಹೊಡೆದಾಡುತ್ತಿದ್ದಾಗ ಪಾರ್ಥಿಯವು ಯೂಫ್ರಟೀಸನ್ನು ದಾಟಲಿಲ್ಲ. ಅದಕ್ಕೆ ಬದಲಾಗಿ ವೊಲೊಗೆಸಿಸನು ವೆಸ್ಪೇಸಿಯನನಿಗೆ ನಲವತ್ತು ಸಾವಿರ ಸವಾರರ ಸಹಾಯವನ್ನು ಕೊಡಲು ಮುಂದಾದನು. ಒಪ್ಪಂದವು ಸುಮಾರು ಐವತ್ತು ವರ್ಷ ಬಾಳಿತು. ಪಾರ್ಥಿಯಕ್ಕೆ ಬೇಕಾಗಿದ್ದುದು ಪಾರ್ಶ್ವದ ಭದ್ರತೆ. ರೋಮಿಗೆ ಬೇಕಾಗಿದ್ದುದು ಕುಂದಿಲ್ಲದ ಪ್ರತಿಷ್ಠೆ. ಆರ್ಮೇನಿಯದ ಪ್ರಭುಗಳಿಗೆ ಬೇಕಾಗಿದ್ದುದು ತಮ್ಮ ಆಚಾರವನ್ನು ಬಲ್ಲ ಅರಸ. ಈ ಮೂರೂ ಒಂದೇ ಏರ್ಪಾಡಿನಲ್ಲಿ ಕೂಡಿಬಂದುದರಿಂದಲೇ ಅದು ಸ್ಥಿರವಾಯಿತು. ಇಂದಿನ ಯೆರೆವಾನಿಗೆ ಅನತಿದೂರದ ಗಾರ್ನಿಯಲ್ಲಿ ೧೯೪೫ರಲ್ಲಿ ದೊರೆತ ಗ್ರೀಕ್ ಶಾಸನವು ತಿರಿದಾತಿಸನನ್ನು ಮಹಾ ಆರ್ಮೇನಿಯದ ಅರಸನೆಂದು ಕರೆದು, ಅವನ ಆಳ್ವಿಕೆಯ ಹನ್ನೊಂದನೆಯ ವರ್ಷದ ಕಟ್ಟಡಕಾರ್ಯವನ್ನು ಹೇಳುತ್ತದೆ. ಹಿಂದೆ ಲಂಚಕ್ಕೆ ಮಾರಾಟವಾದ ಗೋರ್ನಿಯ ಕೋಟೆಯೇ ಈ ಗಾರ್ನಿ.

೭

ಈ ಸಮತೋಲವನ್ನು ಕೆಡಿಸಿದವರಲ್ಲಿ ಇಬ್ಬರಿಗೂ ಪಾಲಿದೆ. ಪಾರ್ಥಿಯದ ಅರಸ ಒಸ್ರೋಯಿಸನು ರೋಮಿನ ಸಮ್ಮತಿಯಿಲ್ಲದೆ ಆರ್ಮೇನಿಯದ ಅರಸನನ್ನು ಬದಲಾಯಿಸಿದನು. ಕ್ರಿ. ಶ. ೧೧೪ರಲ್ಲಿ ಅವನ ಅಭ್ಯರ್ಥಿ ಪಾರ್ಥಮಸಿರಿಸನು ಎಲಿಜಿಯದಲ್ಲಿ ಟ್ರೇಜನ್ ಚಕ್ರವರ್ತಿಯ ಮುಂದೆ ಬಂದು, ತಿರಿದಾತಿಸನಂತೆಯೇ ಕಿರೀಟವನ್ನು ತೆಗೆದು ಕೆಳಗಿಟ್ಟು, ಅದು ಮರಳಿ ಬರುವುದೆಂದು ಕಾದುನಿಂತನು. ಟ್ರೇಜನನು ಅದನ್ನು ಹಿಂದಿರುಗಿಸಲಿಲ್ಲ. ಆರ್ಮೇನಿಯವು ಇನ್ನು ರೋಮನರದೆಂದು ಸಾರಿದನು. ಪಾರ್ಥಮಸಿರಿಸನು ಸ್ವಲ್ಪದರಲ್ಲಿಯೇ ಹತನಾದನು. ಪಾಂಪೆಯ ಕಾಲದಿಂದ ಬಂದಿದ್ದ ವಿಧಿಯ ಅರ್ಥವನ್ನು ರೋಮ್ ಆ ದಿನ ತಾನೇ ಅಳಿಸಿಹಾಕಿತು. ಟ್ರೇಜನನು ಟೆಸಿಫಾನ್ ರಾಜಧಾನಿಯವರೆಗೂ ನಡೆದನಾದರೂ ಹಿಂದೆ ದಂಗೆಗಳೆದ್ದುವು, ಕ್ರಿ. ಶ. ೧೧೭ರಲ್ಲಿ ಪಟ್ಟಕ್ಕೆ ಬಂದ ಹೇಡ್ರಿಯನನು ಹೊಸ ಪ್ರಾಂತ್ಯಗಳನ್ನು ಬಿಟ್ಟುಕೊಟ್ಟು ಆರ್ಮೇನಿಯಕ್ಕೆ ಮತ್ತೆ ಅರಸನನ್ನು ಒಪ್ಪಿದನು. ೧೬೧ರಲ್ಲಿ ಇದೇ ಪ್ರಶ್ನೆ ಮತ್ತೊಮ್ಮೆ ಯುದ್ಧವನ್ನು ತಂದಿತು. ೧೬೩ರಲ್ಲಿ ಅರ್ತಾಕ್ಸತವು ಪುನಃ ರೋಮನರ ವಶವಾಯಿತು. ಆ ಯುದ್ಧದಿಂದ ಹಿಂದಿರುಗಿದ ಸೈನಿಕರು ತಂದ ಸಾಂಕ್ರಾಮಿಕ ರೋಗವು ರೋಮನ್ ಸಾಮ್ರಾಜ್ಯವನ್ನು ವರ್ಷಗಟ್ಟಲೆ ಪೀಡಿಸಿತು.

ಕ್ರಿ. ಶ. ೨೨೪ರಲ್ಲಿ ಸಸಾನಿ ವಂಶದ ಅರ್ದಶೀರನು ಪಾರ್ಥಿಯದ ಕೊನೆಯ ಅರಸನನ್ನು ಕೊಂದು ಇರಾನನ್ನು ವಶಪಡಿಸಿಕೊಂಡನು. ಆದರೆ ಆರ್ಮೇನಿಯದಲ್ಲಿ ಅರ್ಸಾಕಿಸ್ ವಂಶವು ಕ್ರಿ. ಶ. ೪೨೮ರವರೆಗೆ ಉಳಿಯಿತು. ಇರಾನಿನ ಹಿಡಿತವನ್ನು ಬಲಪಡಿಸಲೆಂದು ನೆಟ್ಟ ವಂಶವು ಇರಾನಿನ ಹೊಸ ಒಡೆಯರಿಗೆ ಬದ್ಧವೈರಿಯಾಗಿ, ನಾಲ್ಕನೆಯ ಶತಮಾನದ ಆದಿಯಲ್ಲಿ ಕ್ರೈಸ್ತಮತವನ್ನು ಅವಲಂಬಿಸಿ, ರೋಮಿನತ್ತ ತಿರುಗಿತು. ಅಂತಹ ಪರಿಣಾಮವನ್ನು ವೊಲೊಗೆಸಿಸನಾಗಲಿ ಕಾರ್ಬುಲೊವಾಗಲಿ ಊಹಿಸಿರಲಾರರು.

ಈ ಇತಿಹಾಸವನ್ನು ನಾವು ಬಹುಮಟ್ಟಿಗೆ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳಿಂದಲೇ ತಿಳಿಯಬೇಕಾಗಿದೆ. ಆರ್ಮೇನಿಯನ್ ಲಿಪಿಯು ರೂಪುಗೊಂಡುದು ಐದನೆಯ ಶತಮಾನದ ಆರಂಭದಲ್ಲಿ, ಮೆಸ್ರೋಪ್ ಮಷ್ಟೋಟ್ಸನಿಂದ. ರಾಂಡಿಯದ ಕಾಲಕ್ಕೆ ಆ ನಾಡಿಗೆ ತನ್ನದೇ ಬರವಣಿಗೆಯಿರಲಿಲ್ಲ. ಆದಕಾರಣ ಚಂಚಲರು, ದ್ರೋಹಿಗಳು ಎಂದು ರೋಮನರು ಆರ್ಮೇನಿಯನರಿಗೆ ಕೊಟ್ಟ ಹೆಸರುಗಳನ್ನು ಹಾಗೆಯೇ ಸ್ವೀಕರಿಸದೆ, ಯಾವ ಅರಸನು ಉಳಿದನು, ಯಾವನು ಓಡಿಹೋದನು ಎಂಬ ಘಟನೆಗಳ ಮೂಲಕವೇ ಆ ಜನರ ಅಭಿಪ್ರಾಯವನ್ನು ಓದಬೇಕಾಗುತ್ತದೆ. ಜೀನೊವಿನ ಹದಿನಾರು ವರ್ಷಗಳ ಶಾಂತಿ, ವೊನೋನಿಸನ ಪಲಾಯನ, ತಿರಿದಾತಿಸನ ದೀರ್ಘ ಆಳ್ವಿಕೆ ಇವು ಅವರು ಬಿಟ್ಟುಹೋಗಿರುವ ಸಾಕ್ಷ್ಯ. ಎರಡು ಸಾಮ್ರಾಜ್ಯಗಳ ರಾಜಧಾನಿಗಳಲ್ಲಿ ಕಿರೀಟವನ್ನು ಕೊಡುವವರಿದ್ದರು; ಅದನ್ನು ತಲೆಯ ಮೇಲೆ ನಿಲ್ಲಿಸುವ ಶಕ್ತಿ ಮಾತ್ರ ಅರಾಕ್ಸಿಸ್ ಕಣಿವೆಯ ಜನರಲ್ಲಿತ್ತು.